66 ಸಿಸಿ ಕಿಟ್ ಕೂರಿಸಿದ ಸೈಕಲ್ ನಿಜಕ್ಕೂ ಎಷ್ಟು ವೇಗ ಹೋಗಬಲ್ಲದು? ಟ್ಯೂನಿಂಗ್‌ನಿಂದ ಎಷ್ಟು ಗಳಿಸಬಹುದು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. 80 ಸಿಸಿ ಎಂದು ಹೇಳಿ ಮಾರುವ ಟೂ ಸ್ಟ್ರೋಕ್ ಎಂಜಿನ್ ಕಿಟ್ ಒಂದನ್ನು ನನ್ನ 26 ಇಂಚಿನ ಸೈಕಲ್ಲಿಗೆ ಕೂರಿಸಿದ್ದೇನೆ. ಹಿಂದಿನ ಸ್ಪ್ರಾಕೆಟ್ 44 ಹಲ್ಲಿನದು. ಕಾರ್ಬ್ಯುರೇಟರ್, ಸೈಲೆನ್ಸರ್ ಎಲ್ಲವೂ ಕಿಟ್ಟಿನ ಜೊತೆಗೆ ಬಂದವೇ. ರನ್ನಿಂಗ್-ಇನ್ (ಹೊಸ ಎಂಜಿನ್ನನ್ನು ಪಳಗಿಸುವ ಮೊದಲ ನಿಧಾನ ಓಟ) ಮುಗಿದಿದೆ. ಆದರೂ ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುವಿದರೆ ಜಿಪಿಎಸ್‌ನಲ್ಲಿ ಗಂಟೆಗೆ 38 ಕಿ.ಮೀ. ಮೀರಿ ಒಂದಂಕಿಯೂ ಏರುವುದಿಲ್ಲ. ಅರ್ಧ ತಿರುವಿದಾಗ ಎಂಜಿನ್ ಹಗುರವಾಗಿ ಓಡುತ್ತದೆ, ಪೂರ್ತಿ ತಿರುವಿದಾಗ ಗುರುಗುಟ್ಟುತ್ತಾ ತಡವರಿಸುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಪ್ಪಗೆ, ತುದಿಯಲ್ಲಿ ಎಣ್ಣೆಯ ಜಿಡ್ಡು.

ಜಾಹೀರಾತಿನಲ್ಲಿ 60 ಎಂದಿತ್ತು. ವಿಡಿಯೊಗಳಲ್ಲಿ 80 ಎಂದು ಹೇಳಿಕೊಳ್ಳುವವರೂ ಇದ್ದಾರೆ. ನನಗೆ 60 ಸಿಕ್ಕರೆ ಸಾಕು. ಮೊದಲು ಏನನ್ನು ಬದಲಿಸಬೇಕು: ಸ್ಪ್ರಾಕೆಟ್ಟೋ, ಕಾರ್ಬ್ಯುರೇಟರೋ, ಸೈಲೆನ್ಸರೋ?

ಲೆಕ್ಕಿಗ

ಯಾವುದನ್ನೂ ಕೊಳ್ಳುವ ಮೊದಲು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ಎಂದು ನಾನು ಹೇಳುತ್ತೇನೆ. ನಿಮ್ಮ ಎಂಜಿನ್ 80 ಸಿಸಿಯದಲ್ಲ. ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬೋರ್ (ಸಿಲಿಂಡರಿನ ಒಳವ್ಯಾಸ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 38 ಮಿ.ಮೀ. ಇರುತ್ತದೆ, ಬೋರಿನ ವೃತ್ತದ ವಿಸ್ತೀರ್ಣವನ್ನು ಸ್ಟ್ರೋಕಿನಿಂದ ಗುಣಿಸಿದರೆ 66 ಸಿಸಿ ಬರುತ್ತದೆ. ಎಂಜಿನ್ನಿನ ಒಳಗೆ 20 ಹಲ್ಲಿನ ಗೇರ್ 82 ಹಲ್ಲಿನ ಕ್ಲಚ್ ಗೇರನ್ನು ತಿರುಗಿಸುವುದರಿಂದ ಮೊದಲ ಇಳಿತ 4.1. ಹೊರಗೆ 10 ಹಲ್ಲಿನ ಸ್ಪ್ರಾಕೆಟ್ಟಿನಿಂದ 44 ಹಲ್ಲಿನದಕ್ಕೆ 4.4. ಎರಡನ್ನೂ ಗುಣಿಸಿದರೆ 18.04, ಅಂದರೆ ಎಂಜಿನ್ 18 ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ. 26 ಇಂಚಿನ ದಪ್ಪ ಟೈರಿನ ಸುತ್ತಳತೆ ಸುಮಾರು 2.07 ಮೀಟರ್. ಹಾಗಾಗಿ 38 ಕಿ.ಮೀ. ವೇಗದಲ್ಲಿ ನಿಮ್ಮ ಎಂಜಿನ್ ನಿಮಿಷಕ್ಕೆ ಸುಮಾರು 5500 ಸುತ್ತು ತಿರುಗುತ್ತಿದೆ.

ಇದೇ ಸ್ಪ್ರಾಕೆಟ್ಟಿನಲ್ಲಿ 60 ಬೇಕೆಂದರೆ ಸುಮಾರು 8700 ಸುತ್ತು ಬೇಕು. 80 ಬೇಕೆಂದರೆ 11,600. ಕಿಟ್ಟಿನ ಕ್ರ್ಯಾಂಕ್ ಸಮತೋಲ ಎಷ್ಟು ಒರಟಾಗಿರುತ್ತದೆ ಎಂಬುದನ್ನು ಬಲ್ಲ ಯಾರೂ 11,600 ಎಂಬ ಸಂಖ್ಯೆಯನ್ನು ನಗದೆ ಓದಲಾರರು. ವಿಡಿಯೊದಲ್ಲಿ 80 ತೋರಿಸಿದವರ ಸೈಕಲ್ ಇಳಿಜಾರಿನಲ್ಲಿತ್ತೋ, ಮೀಟರಿನಲ್ಲಿ ಚಕ್ರದ ಅಳತೆ ತಪ್ಪಾಗಿತ್ತೋ ಅಥವಾ ಅದು ಹೆಸರಿಗಷ್ಟೇ ಕಿಟ್ ಎಂಜಿನ್ನೋ ಎಂದು ಕೇಳಬೇಕು. 29 ಇಂಚಿನ ಟೈರಿಗೆ ಹೊಂದಿಸಿದ ಸೈಕಲ್ ಮೀಟರನ್ನು 26 ಇಂಚಿನ ಚಕ್ರಕ್ಕೆ ಹಾಕಿದರೆ 45 ಕಿ.ಮೀ. ವೇಗವನ್ನು ಅದು 50 ಎಂದು ತೋರಿಸುತ್ತದೆ. ನೀವು ಜಿಪಿಎಸ್ ಬಳಸಿದ್ದು ಒಳ್ಳೆಯದಾಯಿತು. ಅದೇ ರಸ್ತೆಯಲ್ಲಿ ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆದರೆ ಗಾಳಿಯ, ಇಳಿಜಾರಿನ ಪಾಲೂ ಕಳೆದುಹೋಗುತ್ತದೆ.

ಹಲ್ಲುಚಕ್ರ

ಲೆಕ್ಕ ಸರಿಯಾಗಿದೆ, ಆದರೆ ಅದರಿಂದಲೇ ಉತ್ತರವೂ ಹೊರಡುತ್ತದೆಯಲ್ಲವೇ? ಎಂಜಿನ್ನನ್ನು ಹೆಚ್ಚು ತಿರುಗಿಸಲಾಗದಿದ್ದರೆ ಹಲ್ಲುಗಳನ್ನು ಕಡಿಮೆ ಮಾಡಬೇಕು. 36 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಒಟ್ಟು ಅನುಪಾತ 14.76ಕ್ಕೆ ಇಳಿಯುತ್ತದೆ. ಅದೇ 5500 ಸುತ್ತಿನಲ್ಲಿ 46 ಕಿ.ಮೀ. ಸಿಗುತ್ತದೆ, 6000 ಸುತ್ತಿಗೆ 50 ದಾಟುತ್ತದೆ. ಖರ್ಚು ಒಂದು ಸ್ಪ್ರಾಕೆಟ್ಟಿನದು ಮಾತ್ರ, ಕೆಲಸ ಅರ್ಧ ದಿನದ್ದು. ಎಂಜಿನ್ ಕಡಿಮೆ ಸುತ್ತಿನಲ್ಲಿ ಓಡುವುದರಿಂದ ಕೈ ಜೋಮು ಹಿಡಿಯುವ ನಡುಕವೂ ತಗ್ಗುತ್ತದೆ. ನಾನು 36 ಹಲ್ಲಿಗೆ ಹೋದ ಮೇಲೆ ಹಿಂದಿರುಗಿ ನೋಡಿಲ್ಲ.

ಲೆಕ್ಕಿಗ

ಹಲ್ಲುಚಕ್ರ ಅವರೇ, ನಿಮ್ಮ ಲೆಕ್ಕದಲ್ಲಿ ಗಾಳಿ ಇಲ್ಲ. ಸ್ಪ್ರಾಕೆಟ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಇರುವ ಶಕ್ತಿಯನ್ನು ಯಾವ ವೇಗದಲ್ಲಿ ಖರ್ಚು ಮಾಡಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ.

ಸವಾರನೂ ಸೈಕಲ್ಲೂ ಸೇರಿ ನೂರು ಕಿಲೋ ಆಸುಪಾಸು, ಸವಾರ ನೆಟ್ಟಗೆ ಕುಳಿತಿದ್ದಾನೆ, ಗಾಳಿ ಬೀಸುತ್ತಿಲ್ಲ, ರಸ್ತೆ ಸಮತಟ್ಟು ಎಂದು ಇಟ್ಟುಕೊಳ್ಳೋಣ. 30 ಕಿ.ಮೀ. ವೇಗ ಕಾಯ್ದುಕೊಳ್ಳಲು ಚಕ್ರದಲ್ಲಿ ಸುಮಾರು 275 ವ್ಯಾಟ್ ಬೇಕು. 40ಕ್ಕೆ ಸುಮಾರು 580 ವ್ಯಾಟ್, 50ಕ್ಕೆ ಸುಮಾರು 1080, 60ಕ್ಕೆ ಸುಮಾರು 1800, 80ಕ್ಕೆ ನಾಲ್ಕು ಕಿಲೋವ್ಯಾಟ್ ದಾಟುತ್ತದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ 40ರಿಂದ 60ಕ್ಕೆ ಹೋಗಲು ಒಂದೂವರೆ ಪಟ್ಟಲ್ಲ, ಮೂರು ಪಟ್ಟು ಶಕ್ತಿ ಬೇಕಾಗುತ್ತದೆ. ಕೈಹಾಕದ 66 ಸಿಸಿ ಕಿಟ್‌ಗಳು ಚೆನ್ನಾಗಿ ಹೊಂದಿಸಿದಾಗ 45ರಿಂದ 50ರೊಳಗೆ ನಿಲ್ಲುತ್ತವೆ ಎಂದರೆ, ಕಿಟ್ಟಿನ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅವು ಚಕ್ರಕ್ಕೆ ತಲುಪಿಸುತ್ತಿರುವುದು ಒಂದು ಕಿಲೋವ್ಯಾಟ್ ಆಸುಪಾಸು ಮಾತ್ರ ಎಂದಾಯಿತು.

ಈಗ 36 ಹಲ್ಲಿನ ಕಥೆ ನೋಡಿ. ನೂರಕ್ಕೆ ಐದರಷ್ಟು ಏರಿರುವ ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೆ ಮೇಲಿನ 275 ವ್ಯಾಟಿನ ಜೊತೆಗೆ ಇನ್ನೂ 420 ವ್ಯಾಟ್ ಬೇಕು. ಆ ವೇಗದಲ್ಲಿ 36 ಹಲ್ಲಿನ ಎಂಜಿನ್ ಸುಮಾರು 3560 ಸುತ್ತಿನಲ್ಲಿರುತ್ತದೆ, 44 ಹಲ್ಲಿನದು ಸುಮಾರು 4360 ಸುತ್ತಿನಲ್ಲಿರುತ್ತದೆ. ಕೆಳಗಿನ ಸುತ್ತಿನಲ್ಲಿ ಎಂಜಿನ್ನಿಗೆ ಶಕ್ತಿಯೇ ಕಡಿಮೆ, ಆದ್ದರಿಂದ ಏರಿನಲ್ಲಿ ಅದು ಮುಗ್ಗರಿಸಿ ಪೆಡಲ್ ತುಳಿಯುವ ಕೆಲಸ ನಿಮ್ಮ ಕಾಲಿಗೇ ಬರುತ್ತದೆ. ಇನ್ನೂ ಮುಂದೆ ಹೋಗಿ 32, 28 ಎಂದು ಇಳಿಸುತ್ತಾ ಹೋದರೆ ಸಮತಟ್ಟಿನಲ್ಲೂ ಗರಿಷ್ಠ ವೇಗ ಕಡಿಮೆಯಾಗುವ ಹಂತ ಬರುತ್ತದೆ, ಏಕೆಂದರೆ ಎಂಜಿನ್ ತನ್ನ ಶಕ್ತಿಯ ಉತ್ತುಂಗವನ್ನು ಮುಟ್ಟುವ ಮೊದಲೇ ಗಾಳಿ ಅದನ್ನು ತಡೆದು ನಿಲ್ಲಿಸಿರುತ್ತದೆ.

ಅಂದ ಹಾಗೆ, ಒಂದು ಸ್ಪ್ಯಾನರನ್ನೂ ಮುಟ್ಟದೆ ಸಿಗುವ ವೇಗವೊಂದಿದೆ. 50ರಲ್ಲಿ ಓಡುತ್ತಿರುವ ಸವಾರ ಮೊಣಕೈ ಒಳಗೆ ತಂದು ಬೆನ್ನು ಬಾಗಿಸಿ ಗಾಳಿಗೆ ಎದುರಾಗುವ ಮೈಯನ್ನು ಕಾಲುಭಾಗ ಕಡಿಮೆ ಮಾಡಿದರೆ ಅದೇ ಶಕ್ತಿಯಲ್ಲಿ ಸುಮಾರು 55 ತಲುಪುತ್ತಾನೆ. ಅನೇಕರ ದಾಖಲೆ ವೇಗಗಳ ಗುಟ್ಟು ಇಷ್ಟೇ.

ಹಲ್ಲುಚಕ್ರ

ಏರುರಸ್ತೆ ಇರುವವರಿಗೆ 36 ಬೇಡ ಎಂಬುದನ್ನು ಒಪ್ಪುತ್ತೇನೆ. ನಾನು ಓಡಿಸುವುದು ಸಮತಟ್ಟಾದ ರಸ್ತೆಯಲ್ಲಿ. ಆದರೂ 40 ಹಲ್ಲು ಎಂಬ ಮಧ್ಯದ ದಾರಿಯೊಂದು ಇದೆಯಲ್ಲ, ಅದನ್ನು ಯಾರೂ ಹೇಳುವುದೇ ಇಲ್ಲ.

ಹಳೇ ಮೆಕ್ಯಾನಿಕ್

ದಾರಿಹೋಕ ಅವರು ಕೊಟ್ಟ ಲಕ್ಷಣಗಳನ್ನು ಎಲ್ಲರೂ ಬಿಟ್ಟು ಹಲ್ಲು ಎಣಿಸುತ್ತಾ ಕುಳಿತಿದ್ದೀರಿ. ಅರ್ಧ ತಿರುವಿದಾಗ ಹಗುರವಾಗಿ ಓಡಿ, ಪೂರ್ತಿ ತಿರುವಿದಾಗ ಗುರುಗುಟ್ಟುವ, ಪ್ಲಗ್ ಕಪ್ಪಗೆ ಒದ್ದೆಯಾಗಿರುವ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಅತಿಯಾಗಿದೆ. ಗಾಳಿ-ಪೆಟ್ರೋಲಿನ ಮಿಕ್ಸ್ಚರ್ ತೀರಾ ರಿಚ್ (ಪೆಟ್ರೋಲ್ ಹೆಚ್ಚು) ಆದಾಗ ಪ್ರತಿ ಸುತ್ತಿಗೂ ಉರಿಯಬೇಕಾದದ್ದು ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತದೆ. ಅದೇ ಆ ಸದ್ದು. ಇಂಥ ಎಂಜಿನ್ನಿಗೆ ಯಾವ ಸ್ಪ್ರಾಕೆಟ್ ಹಾಕಿದರೂ ಪ್ರಯೋಜನವಿಲ್ಲ. 36 ಹಲ್ಲು ಹಾಕಿದ್ದರೆ 38ರ ಬದಲು 35 ಸಿಕ್ಕೀತು.

ಮೊದಲು ಗಾಳಿ ಎಲ್ಲಿಂದಲೂ ಕಳ್ಳತನದಿಂದ ಒಳಗೆ ಹೋಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಾರ್ಬ್ಯುರೇಟರ್ ಮತ್ತು ಅದನ್ನು ಸಿಲಿಂಡರಿಗೆ ಜೋಡಿಸುವ ಕೊಳವೆಯಾದ ಮ್ಯಾನಿಫೋಲ್ಡ್ ಸೇರುವಲ್ಲಿ, ಮ್ಯಾನಿಫೋಲ್ಡ್ ಸಿಲಿಂಡರಿಗೆ ಕೂರುವ ಗ್ಯಾಸ್ಕೆಟ್ಟಿನ ಸುತ್ತ ಕಾರ್ಬ್ಯುರೇಟರ್ ಕ್ಲೀನರನ್ನು ಸ್ವಲ್ಪವೇ ಸಿಂಪಡಿಸಿ. ಬಿಸಿ ಸೈಲೆನ್ಸರಿನ ಕಡೆ ಹನಿ ಬೀಳಬಾರದು. ಎಂಜಿನ್ನಿನ ಸುತ್ತು ಬದಲಾದರೆ ಅಲ್ಲಿ ಸೋರಿಕೆಯಿದೆ. ಸೋರಿಕೆ ಇಟ್ಟುಕೊಂಡು ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡು) ಬದಲಿಸುವುದು ಒಡೆದ ಬಿಂದಿಗೆಯಲ್ಲಿ ನೀರು ಅಳೆದಂತೆ.

ಆಮೇಲೆ ಮುಖ್ಯ ಜೆಟ್. ಮುಕ್ಕಾಲಿನಿಂದ ಪೂರ್ತಿವರೆಗಿನ ಆಕ್ಸಿಲರೇಟರಿಗೆ ಅದೇ ಯಜಮಾನ. ಅರ್ಧದ ಆಸುಪಾಸಿಗೆ ನೀಡಲ್ಲಿನ (ಆಕ್ಸಿಲರೇಟರಿನ ಜೊತೆ ಏರಿಳಿದು ಪೆಟ್ರೋಲಿನ ದಾರಿ ತೆರೆಯುವ ಸೂಜಿಯ) ಕ್ಲಿಪ್: ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ನಿಮ್ಮದು ಪೂರ್ತಿಯಲ್ಲಿ ಮಾತ್ರ ಕೆಡುತ್ತಿರುವುದರಿಂದ ಕ್ಲಿಪ್ ಮುಟ್ಟಬೇಡಿ, ಜೆಟ್ ಬದಲಿಸಿ, ಅದೂ ಒಂದೊಂದೇ ಹೆಜ್ಜೆ. 0.70 ಮಿ.ಮೀ. ರಂಧ್ರದಿಂದ 0.65ಕ್ಕೆ ಇಳಿಸಿದರೆ ಕೇಳಲು ಕೂದಲೆಳೆಯ ವ್ಯತ್ಯಾಸ ಎನಿಸುತ್ತದೆ, ಆದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಹದಿನಾಲ್ಕರಷ್ಟು ಕಡಿಮೆಯಾಗಿರುತ್ತದೆ. ಜೆಟ್ಟಿಗೆ ಬೆಸುಗೆ ತುಂಬಿ ಸಣ್ಣ ಡ್ರಿಲ್ಲಿನಿಂದ ಮತ್ತೆ ಕೊರೆಯುವವರಿದ್ದಾರೆ. ಕೈ ಪಳಗಿಲ್ಲದಿದ್ದರೆ ಬೇರೆ ಬೇರೆ ಅಳತೆಯ ಜೆಟ್‌ಗಳ ಸೆಟ್ ಕೊಳ್ಳುವುದೇ ಮೇಲು.

ಪ್ಲಗ್ ಓದುವುದಕ್ಕೂ ಒಂದು ಕ್ರಮವಿದೆ. ಮನೆಗೆ ನಿಧಾನವಾಗಿ ಬಂದು ಬಿಚ್ಚಿದ ಪ್ಲಗ್ ನಿಧಾನ ಓಟದ ಕಥೆಯನ್ನು ಹೇಳುತ್ತದೆಯೇ ಹೊರತು ಪೂರ್ತಿ ಓಟದ್ದಲ್ಲ. ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಪೂರ್ತಿ ತಿರುವಿ ಓಡಿಸಿ, ಆಕ್ಸಿಲರೇಟರ್ ಬಿಡದೆ ಸ್ವಿಚ್ ಆಫ್ ಮಾಡಿ, ಅದೇ ಕ್ಷಣ ಕ್ಲಚ್ ಹಿಡಿದು ಸೈಕಲ್ಲನ್ನು ನಿಲ್ಲಿಸಿ, ಅಲ್ಲೇ ಬಿಚ್ಚಿ ನೋಡಿ. ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗೆ ಸುಣ್ಣದಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕೂಡಲೇ ಹಿಂದಿನ ಜೆಟ್ಟಿಗೆ ಮರಳಿ. ಲೀನ್ ಮಿಕ್ಸ್ಚರಿನಲ್ಲಿ ಎಂಜಿನ್ ಕೆಲವು ನಿಮಿಷ ಬಹಳ ಚುರುಕಾಗಿ ಓಡುತ್ತದೆ, ಅದೇ ಮೋಸ. ಬಿಸಿ ಏರಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುವುದು ಅದರ ಮುಂದಿನ ಹಂತ.

ಇನ್ನು ಆಯಿಲ್. ರನ್ನಿಂಗ್-ಇನ್‌ನಲ್ಲಿ 16ಕ್ಕೆ 1 ಹಾಕಿದವರು ಅದನ್ನೇ ಮುಂದುವರಿಸಬೇಕಾಗಿಲ್ಲ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ 32ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ ಸುಮಾರು 31 ಮಿ.ಲೀ. ಸಾಕಾಗುತ್ತದೆ. ಆದರೆ ಒಂದು ಮಾತು ನೆನಪಿರಲಿ: ಆಯಿಲ್ ಕಡಿಮೆಯಾದಾಗ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ತುಸು ಹೆಚ್ಚುತ್ತದೆ. ಆದ್ದರಿಂದ ಮೊದಲು ಆಯಿಲ್ ಪ್ರಮಾಣವನ್ನು ನಿರ್ಧರಿಸಿ, ನಂತರ ಜೆಟ್ ಹೊಂದಿಸಿ.

ಸೈಲೆನ್ಸರ್ ಪ್ರೇಮಿ

ಇಷ್ಟೆಲ್ಲ ಮಾಡಿದ ಮೇಲೂ 45ರಲ್ಲೇ ನಿಲ್ಲುವುದಾದರೆ ಎಕ್ಸ್‌ಪಾನ್ಶನ್ ಚೇಂಬರ್ (ನಡುವೆ ಉಬ್ಬಿ ಹಿಂದೆ ಕಿರಿದಾಗುವ ಹೊಗೆಕೊಳವೆ) ಏಕೆ ಹಾಕಬಾರದು? ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಮಿಕ್ಸ್ಚರ್ ಒಳಗೆ ಬರುವುದರಿಂದ ಅದರ ಒಂದು ಭಾಗ ಉರಿಯದೆಯೇ ಹೊರಗೆ ಹೋಗುತ್ತದೆ. ಚೇಂಬರಿನ ಹಿಂಭಾಗದ ಕಿರಿದಾಗುವ ಶಂಕುವಿಗೆ ಬಡಿದ ಒತ್ತಡದ ಅಲೆ ಮರಳಿ ಬಂದು, ಕಿಂಡಿ ಮುಚ್ಚುವ ಮುನ್ನ, ಆ ಮಿಕ್ಸ್ಚರನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಬೇರೇನನ್ನೂ ಮುಟ್ಟದೆ ಶಕ್ತಿ ಹೆಚ್ಚಿಸುವ ಉಪಾಯ ಇದೊಂದೇ.

ಹಳೇ ಮೆಕ್ಯಾನಿಕ್

ಚೇಂಬರ್ ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಆ ಅಲೆ ಸರಿಯಾದ ಕ್ಷಣಕ್ಕೆ ಮರಳುವುದು ನಿರ್ದಿಷ್ಟ ಸುತ್ತುಗಳ ನಡುವೆ ಮಾತ್ರ. ಕೊಳವೆ ಗಿಡ್ಡವಾದಷ್ಟೂ ಆ ಪಟ್ಟಿ ಮೇಲಕ್ಕೆ ಹೋಗುತ್ತದೆ. ರೇಸಿಂಗ್ ಎಂದು ಬರೆದು ಮಾರುವ ಗಿಡ್ಡ ಕೊಳವೆಯನ್ನು 6000 ಸುತ್ತು ದಾಟದ ಎಂಜಿನ್ನಿಗೆ ಹಾಕಿದರೆ ಸದ್ದು ಹೆಚ್ಚುತ್ತದೆ, ಪಿಕಪ್ ಕಡಿಮೆಯಾಗುತ್ತದೆ. ಚೇಂಬರ್ ಹಾಕಿದ ಮೇಲೆ ಜೆಟ್ಟನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕು, ಸಾಮಾನ್ಯವಾಗಿ ದೊಡ್ಡದೇ ಬೇಕಾಗುತ್ತದೆ. ಇದನ್ನು ಮರೆತ ಎಂಜಿನ್‌ಗಳೇ ಸೀಜ್ ಆಗಿ ಬರುತ್ತವೆ.

ಅದಕ್ಕಿಂತ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಮ್ಯಾನಿಫೋಲ್ಡ್ ಬಿಚ್ಚಿ ಗ್ಯಾಸ್ಕೆಟ್ಟನ್ನು ಸಿಲಿಂಡರಿನ ಕಿಂಡಿಯ ಮೇಲೆ ಇಟ್ಟು ನೋಡಿ. ಅನೇಕ ಕಿಟ್‌ಗಳಲ್ಲಿ ಗ್ಯಾಸ್ಕೆಟ್ಟಿನ ಅಂಚು ಕಿಂಡಿಯ ಒಳಕ್ಕೆ ಚಾಚಿಕೊಂಡು ದಾರಿಯನ್ನು ಕಿರಿದಾಗಿಸಿರುತ್ತದೆ, ಸೈಲೆನ್ಸರಿನ ಕಡೆಯೂ ಹಾಗೆಯೇ. ಅದನ್ನು ಕತ್ತರಿಸಿ ಸರಿಪಡಿಸುವುದರಲ್ಲಿ ಯಾವ ಅಪಾಯವೂ ಇಲ್ಲ. ಹೊಗೆ ಹೊರಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ಉಜ್ಜಿ ಎತ್ತರಿಸುವುದು, ಪಿಸ್ಟನ್ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗದ ಅಂಚು) ಕತ್ತರಿಸುವುದು ಇವೆಲ್ಲ ಬೇರೆಯ ಮಾತು. ಮೇಲಿನ ಸುತ್ತಿನ ಶಕ್ತಿಗಾಗಿ ಕೆಳಗಿನ ಎಳೆತವನ್ನು ಬಲಿಕೊಡುವ ಕೆಲಸಗಳವು, ಒಮ್ಮೆ ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಗೇರ್ ಇಲ್ಲದ ಸೈಕಲ್ಲಿಗೆ ಕೆಳಗಿನ ಎಳೆತವೇ ಹೆಚ್ಚು ಬೇಕಾದದ್ದು.

ಬ್ಯಾಟರಿ ಬಳಕೆದಾರ

ವಿದ್ಯುತ್ ಮೋಟಾರಿನವರೂ ಇಲ್ಲಿ ಓದುತ್ತಿರಬಹುದು ಎಂದು ಒಂದೆರಡು ಮಾತು. ಚಕ್ರದ ನಡುವೆಯೇ ಕೂರುವ ಹಬ್ ಮೋಟಾರಿಗೆ ಜೆಟ್ ಇಲ್ಲ, ಸೈಲೆನ್ಸರಿಲ್ಲ. ಅದರ ಗರಿಷ್ಠ ವೇಗವನ್ನು ಮೊದಲು ನಿರ್ಧರಿಸುವುದು ವೋಲ್ಟೇಜ್. ಒಂದು ವೋಲ್ಟಿಗೆ ನಿಮಿಷಕ್ಕೆ 9 ಸುತ್ತು ತಿರುಗುವ ಮೋಟಾರ್ ಎಂದಿಟ್ಟುಕೊಂಡರೆ, 36 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ 42 ವೋಲ್ಟ್ ಇರುವಾಗ 26 ಇಂಚಿನ ಚಕ್ರ ಗಾಳಿಯಲ್ಲಿ ಎತ್ತಿ ಹಿಡಿದಾಗ 47 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ಬ್ಯಾಟರಿ 32 ವೋಲ್ಟಿಗೆ ಇಳಿದಾಗ ಅದೇ ಚಕ್ರ 36ರಲ್ಲಿ ನಿಲ್ಲುತ್ತದೆ. ನೆಲಕ್ಕಿಳಿಸಿ ಸವಾರ ಕುಳಿತರೆ ಎರಡೂ ಇನ್ನಷ್ಟು ಇಳಿಯುತ್ತವೆ. ಎರಡನೆಯ ಮಿತಿ ಕಂಟ್ರೋಲರಿನ ಕರೆಂಟ್: 36 ವೋಲ್ಟಿಗೆ 15 ಆಂಪಿಯರ್ ಎಂದರೆ ಬ್ಯಾಟರಿಯಿಂದ 540 ವ್ಯಾಟ್, ಲೆಕ್ಕಿಗರ ಪಟ್ಟಿಯ ಪ್ರಕಾರ ಅದು 40ಕ್ಕೂ ಸಾಲದು. 48 ವೋಲ್ಟಿನ ಬ್ಯಾಟರಿ ಹಾಕಿದರೆ ವೇಗ ಮೂರನೇ ಒಂದು ಭಾಗ ಹೆಚ್ಚುತ್ತದೆ ಎಂದು ನಂಬಿದವರು ಗಾಳಿಯ ಘನದ ಲೆಕ್ಕವನ್ನು ಮರೆತಿರುತ್ತಾರೆ.

ಯುರೋಪಿನ ಒಕ್ಕೂಟದಲ್ಲಿ ಸಹಾಯಕ ಮೋಟಾರಿನ ಸೈಕಲ್ಲಿಗೆ 250 ವ್ಯಾಟ್, 25 ಕಿ.ಮೀ. ಎಂಬ ಮಿತಿ ಇದೆ. ಅದನ್ನು ಮೀರಿದ ಗಾಡಿ ಅಲ್ಲಿ ಸೈಕಲ್ ಎನಿಸಿಕೊಳ್ಳುವುದಿಲ್ಲ. ಟ್ಯೂನಿಂಗ್‌ಗೆ ಕೈಹಾಕುವ ಮುನ್ನ ನಿಮ್ಮಲ್ಲಿನ ನಿಯಮ ಏನೆಂದು ನೋಡಿಕೊಳ್ಳುವುದು ಪೆಟ್ರೋಲಿನವರಿಗೂ ಅನ್ವಯಿಸುತ್ತದೆ.

ಕಡ್ಡಿಬಿಗಿ

ವೇಗದ ಬಗ್ಗೆ ಇಷ್ಟು ಬರೆದವರಲ್ಲಿ ಒಬ್ಬರೂ ನಿಲ್ಲುವುದರ ಬಗ್ಗೆ ಬರೆಯಲಿಲ್ಲ. ಒಳ್ಳೆಯ ಬ್ರೇಕಿನಿಂದ, ಒಣ ರಸ್ತೆಯಲ್ಲಿ, 30ರಿಂದ ನಿಲ್ಲಲು ಸುಮಾರು 7 ಮೀಟರ್ ಬೇಕಾದರೆ 60ರಿಂದ 28 ಮೀಟರ್ ಬೇಕು. ಬ್ರೇಕ್ ಹಿಡಿಯಬೇಕೆಂದು ಹೊಳೆಯುವ ಒಂದು ಸೆಕೆಂಡಿನಲ್ಲೇ ಮತ್ತೆ 17 ಮೀಟರ್ ಕಳೆದಿರುತ್ತದೆ. ಒದ್ದೆ ರಿಮ್ಮನ್ನು ರಬ್ಬರಿನಿಂದ ಹಿಡಿಯುವ ಬ್ರೇಕಿನಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. ಮುಂದೆ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ಲಿಗೆ 60 ಕಿ.ಮೀ. ಕೇಳುವವರಿಗೆ ನಾನು ಸ್ಪ್ರಾಕೆಟ್ ಕೂರಿಸಿ ಕೊಡುವುದಿಲ್ಲ.

ಚಕ್ರದ ವಿಷಯಕ್ಕೆ ಬಂದರೆ, ಕಿಟ್ಟಿನ ಸ್ಪ್ರಾಕೆಟ್ ಒಂಬತ್ತು ಬೋಲ್ಟುಗಳಿಂದ, ಎರಡು ರಬ್ಬರ್ ಉಂಗುರಗಳ ನಡುವೆ ಕಡ್ಡಿಗಳನ್ನೇ ಹಿಡಿದುಕೊಂಡು ನಿಲ್ಲುತ್ತದೆ. ಎಂಜಿನ್ನಿನ ಇಡೀ ಎಳೆತ ಹಬ್ಬಿಗೆ ಹೋಗದೆ ಕಡ್ಡಿಗಳ ಬಾಗಿದ ಕುತ್ತಿಗೆಗೆ ಬೀಳುತ್ತದೆ, ಆದ್ದರಿಂದಲೇ ಅವು ಅಲ್ಲಿ ಮುರಿಯುತ್ತವೆ. ಹಬ್ಬನ್ನೇ ಸುತ್ತುವರಿದು ಹಿಡಿಯುವ ಅಡಾಪ್ಟರ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ 14 ಗೇಜಿನ 2 ಮಿ.ಮೀ. ಕಡ್ಡಿಯ ಬದಲು 12 ಗೇಜಿನ ದಪ್ಪ ಕಡ್ಡಿಯ ಚಕ್ರ ಕಟ್ಟಿಸಿ.

ನನ್ನ ಬಳಿ ರಿಪೇರಿಗೆ ಬಂದ ಒಂದು ಸೈಕಲ್ಲಿನಲ್ಲಿ ಸ್ಪ್ರಾಕೆಟ್ ನಡುವಿನಿಂದ ಸರಿದು ಔಟ್ ಆಗಿ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿ ಓಡುತ್ತಿತ್ತು. ಪ್ರತಿ ಸುತ್ತಿಗೂ ಆ ಬಿಗಿ ಜಾಗ ಚೈನನ್ನು ಬಿಗಿಯಾಗಿಡುವ ಟೆನ್ಷನರನ್ನು ಎಳೆದು ಎಳೆದು, ಅದನ್ನು ಹಿಡಿದಿದ್ದ ಪಟ್ಟಿ ಚೌಕಟ್ಟಿನ ಕೊಳವೆಯ ಮೇಲೆ ನಿಧಾನವಾಗಿ ತಿರುಗಿ, ಕೊನೆಗೆ ಅದರ ಗಾಲಿ ಕಡ್ಡಿಗಳೊಳಗೆ ನುಗ್ಗಿತ್ತು. ಒಂದರ ಪಕ್ಕ ಒಂದು ನಾಲ್ಕು ಕಡ್ಡಿಗಳು ಹೋಗಿದ್ದವು, ಕೊಳವೆಯ ಬಣ್ಣದ ಮೇಲೆ ಪಟ್ಟಿ ಜಾರಿದ ಗೀರು ಅರ್ಧಚಂದ್ರದಂತೆ ಕಾಣುತ್ತಿತ್ತು. 25ರಲ್ಲಿ ಆದದ್ದರಿಂದ ಸವಾರನಿಗೆ ತರಚುಗಾಯವಷ್ಟೇ ಆಗಿತ್ತು. ಸ್ಪ್ರಾಕೆಟ್ ಪಕ್ಕ ಒಂದು ತಂತಿಯ ಮೊನೆಯನ್ನು ನಿಲ್ಲಿಸಿ ಚಕ್ರ ತಿರುಗಿಸಿ ನೋಡಿ. ಅಡ್ಡಕ್ಕಾಗಲಿ ಮೇಲೆ ಕೆಳಗಾಗಲಿ ಒಂದು ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಬೋಲ್ಟುಗಳನ್ನು ಎದುರು ಬದುರಾಗಿ ಸಡಿಲಿಸಿ ಬಿಗಿಗೊಳಿಸಿ ಸರಿಪಡಿಸಿ. ಎಂಜಿನ್ ಕೂರಿಸಲು ಚೌಕಟ್ಟಿನ ಕೊಳವೆಗೆ ತೂತು ಕೊರೆದಿದ್ದರೆ ಆ ಸೈಕಲ್ಲಿನಲ್ಲಿ ವೇಗದ ಮಾತೇ ಬೇಡ.

ದಾರಿಹೋಕ

ಎಲ್ಲರಿಗೂ ಧನ್ಯವಾದಗಳು. ಹಳೇ ಮೆಕ್ಯಾನಿಕ್ ಅವರು ಹೇಳಿದ ಕ್ರಮದಲ್ಲೇ ಹೋದೆ. ಸಿಲಿಂಡರಿಗೆ ಕೂರುವ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆ ಇತ್ತು, ಅದರ ಅಂಚು ಕಿಂಡಿಯೊಳಕ್ಕೂ ಚಾಚಿತ್ತು. ಹೊಸದನ್ನು ಕತ್ತರಿಸಿ ಹಾಕಿದೆ. ಆಯಿಲ್ 32ಕ್ಕೆ 1 ಮಾಡಿ ಜೆಟ್ಟನ್ನು ಇಳಿಸುತ್ತಾ ಬಂದಾಗ ಗುರುಗುಟ್ಟುವಿಕೆ ನಿಂತಿತು, ಪ್ಲಗ್ ಕಂದು ಬಣ್ಣಕ್ಕೆ ಬಂತು. 44 ಹಲ್ಲಿನಲ್ಲೇ ಎರಡೂ ದಿಕ್ಕಿನ ಸರಾಸರಿ 44 ಕಿ.ಮೀ. ಸಿಕ್ಕಿತು, ಆದರೆ ಅಲ್ಲಿ ಹ್ಯಾಂಡಲ್ ಹಿಡಿಯಲಾಗದಷ್ಟು ನಡುಕ. ಲೆಕ್ಕ ಹಾಕಿದರೆ ಸುಮಾರು 6400 ಸುತ್ತು. ಹಲ್ಲುಚಕ್ರ ಅವರ ಮಧ್ಯದ ದಾರಿ ಹಿಡಿದು 40 ಹಲ್ಲು ಹಾಕಿದ ಮೇಲೆ 46 ಬರುತ್ತಿದೆ. ಗರಿಷ್ಠ ವೇಗದಲ್ಲಿ ಗಳಿಸಿದ್ದು ಎರಡೇ ಕಿ.ಮೀ. ಆದರೂ 35ರಲ್ಲಿ ಓಡುವಾಗ ಎಂಜಿನ್ ಮೊದಲಿಗಿಂತ ಸುಮಾರು 460 ಸುತ್ತು ಕಡಿಮೆ ತಿರುಗುತ್ತದೆ, ಆ ವ್ಯತ್ಯಾಸ ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ಮುಂದಿನ ಖರ್ಚು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. 60ರ ಆಸೆ ಬಿಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ: ಈಗ ಹೊಂದಿಸಿದ ಜೆಟ್ ವರ್ಷವಿಡೀ ನಡೆಯುತ್ತದೆಯೇ?

ಹಳೇ ಮೆಕ್ಯಾನಿಕ್

ಬಿಸಿಲಿನಲ್ಲಿ ಹೊಂದಿಸಿದ್ದರೆ ಚಳಿ ಬಂದಾಗ ಮತ್ತೊಮ್ಮೆ ಪ್ಲಗ್ ನೋಡಿ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಅದೇ ಜೆಟ್ ಆಗ ಲೀನ್ ಆಗುತ್ತದೆ. ಎತ್ತರದ ಜಾಗಕ್ಕೆ ಹೋದರೆ ಇದರ ತಿರುವುಮುರುವು, ಅಲ್ಲಿ ರಿಚ್ ಆಗುತ್ತದೆ. ಅದರಿಂದ ವೇಗ ಕುಗ್ಗುತ್ತದೆಯೇ ಹೊರತು ಎಂಜಿನ್ ಹಾಳಾಗುವುದಿಲ್ಲ. ಹಾಗಾಗಿ ಎರಡು ಜೆಟ್‌ಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಇಟ್ಟುಕೊಳ್ಳಿ. ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಎಂಜಿನ್ ತಣ್ಣಗಿರುವಾಗ ಮತ್ತೆ ಒಮ್ಮೆ ಬಿಗಿ ನೋಡಿಕೊಳ್ಳಿ, ಎದುರು ಬದುರಾಗಿ. 40 ಹಲ್ಲು ಹಾಕಿದ ಮೇಲೆ ಚೈನ್ ಸಡಿಲವಾಗಿದ್ದರೆ ಅದನ್ನು ಟೆನ್ಷನರಿನಿಂದಲೇ ಎಳೆದು ಬಿಗಿ ಮಾಡಬೇಡಿ, ಒಂದು ಲಿಂಕ್ ತೆಗೆಯಿರಿ.